ಮುಕ್ತ ಶೈಕ್ಷಣಿಕ ಸಂಪನ್ಮೂಲ: ಹಾಸನ, ಚಿಕ್ಕಮಗಳೂರಿನ ತಾಂತ್ರಿಕ ವಿದ್ಯಾರ್ಥಿಗಳು ಮತ್ತು ಮೇಷ್ಟ್ರುಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಐಟಿಐ, ಪಾಲಿಟೆಕ್ನಿಕ್, ಎಂಜಿನಿಯರಿಂಗ್, ಬಿಎಸ್ಸಿ ಓದುವವರು ಮತ್ತು ಅವರಿಗೆ ಪಾಠ ಹೇಳುವವರು ನನ್ನನ್ನು ಕೇಳುತ್ತಲೇ ಇರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ಮುಕ್ತ ಪುಸ್ತಕ ಅಂದರೆ ಪುಗಸಟ್ಟೆ ಪುಸ್ತಕ ಎಂದು ಬಹಳ ಜನ ತಿಳಿದಿದ್ದಾರೆ. ದುಡ್ಡು ಉಳಿಯುವುದು ಒಳ್ಳೆಯದೇ. ಆದರೆ ಅದನ್ನು ತಿದ್ದಿ, ಕನ್ನಡಕ್ಕೆ ತಂದು, ನಮ್ಮೂರಿನ ಲೆಕ್ಕ ಸೇರಿಸಿ ಇನ್ನೊಬ್ಬರಿಗೆ ಕೊಡುವ ಹಕ್ಕು ಅದಕ್ಕಿಂತ ದೊಡ್ಡದು. ಕೆಳಗಿನ ಉತ್ತರಗಳಲ್ಲಿ ಮತ್ತೆ ಮತ್ತೆ ಆ ಮಾತಿಗೇ ಬರುತ್ತೇನೆ.

ಮುಕ್ತ ಶೈಕ್ಷಣಿಕ ಸಂಪನ್ಮೂಲ ಅಂದರೆ ಏನು?

ಪುಸ್ತಕ, ವಿಡಿಯೊ ಪಾಠ, ಲ್ಯಾಬ್ ಮ್ಯಾನುಯಲ್, ಪ್ರಶ್ನೆಗಳ ಸಂಗ್ರಹ, ಸಿಮ್ಯುಲೇಶನ್, ಚಿತ್ರ, ಹೀಗೆ ಕಲಿಯಲು ಅಥವಾ ಕಲಿಸಲು ಬಳಸುವ ಯಾವುದೂ ಆಗಬಹುದು. ಒಂದೇ ಷರತ್ತು: ಅದರ ಮೇಲೆ ಹಕ್ಕುಳ್ಳವರು "ಬಳಸಿ, ತಿದ್ದಿ, ಹಂಚಿ" ಎಂದು ಮೊದಲೇ ಬರೆದು ಕೊಟ್ಟಿರಬೇಕು. ಅಥವಾ ಕಾಪಿರೈಟ್ ಅವಧಿ ಮುಗಿದು ಅದು ಎಲ್ಲರದ್ದೂ ಆಗಿರಬೇಕು.

ಅಮೆರಿಕದ ಎಂಐಟಿ ತನ್ನ ಕೋರ್ಸ್‌ಗಳನ್ನೆಲ್ಲ ಇಂಟರ್‌ನೆಟ್‌ನಲ್ಲಿ ಇಡುತ್ತೇನೆ ಎಂದು 2001ರಲ್ಲಿ ಘೋಷಿಸಿತು. ಮರುವರ್ಷ, 2002ರಲ್ಲಿ, ಯುನೆಸ್ಕೊ ಕರೆದ ಸಭೆಯಲ್ಲಿ "ಮುಕ್ತ ಶೈಕ್ಷಣಿಕ ಸಂಪನ್ಮೂಲ" ಎಂಬ ಈಗಿನ ಹೆಸರು ಬಂತು. 2019ರ ನವೆಂಬರ್‌ನಲ್ಲಿ ಯುನೆಸ್ಕೊ ಇದರ ಬಗ್ಗೆ ಎಲ್ಲ ಸದಸ್ಯ ದೇಶಗಳಿಗೆ ಒಂದು ಶಿಫಾರಸನ್ನೂ ಕೊಟ್ಟಿತು. ಇತಿಹಾಸ ಇಷ್ಟು ಗೊತ್ತಿದ್ದರೆ ಸಾಕು.

ಪಿಡಿಎಫ್ ಫ್ರೀ ಆಗಿ ಸಿಗುತ್ತೆ ಅಂದರೆ ಅದು ಮುಕ್ತ ಅಂತಲೇ ಅಲ್ವಾ?

ಅಲ್ಲ. ಎಲ್ಲರೂ ಎಡವುವುದು ಇಲ್ಲೇ.

ಎನ್‌ಸಿಇಆರ್‌ಟಿ ಪುಸ್ತಕಗಳನ್ನೇ ನೋಡಿ. ಅವರ ಜಾಲತಾಣದಿಂದ ಯಾರು ಬೇಕಾದರೂ ಇಳಿಸಿಕೊಂಡು ಓದಬಹುದು. ಆದರೆ ಒಳಪುಟದಲ್ಲಿ ಎಲ್ಲ ಹಕ್ಕುಗಳನ್ನೂ ಕಾಯ್ದಿರಿಸಿದೆ ಎಂದು ಅಚ್ಚಾಗಿದೆ. ಅಂದರೆ ಅದರ ಒಂದು ಅಧ್ಯಾಯ ಎತ್ತಿಕೊಂಡು, ತಿದ್ದಿ, ನಿಮ್ಮ ಪುಸ್ತಕದೊಳಗೆ ಸೇರಿಸಿ ಹಂಚುವ ಹಾಗಿಲ್ಲ. ಟೆಲಿಗ್ರಾಂ ಗುಂಪುಗಳಲ್ಲಿ ಓಡಾಡುವ ದುಬಾರಿ ಪುಸ್ತಕಗಳ ಸ್ಕ್ಯಾನ್ ಪ್ರತಿಗಳಂತೂ ಸುಮ್ನೆ ಕದ್ದ ಮಾಲು. ಅವು ಮುಕ್ತವಲ್ಲ, ಕಾನೂನಿನ ಪ್ರಕಾರ ಉಚಿತವೂ ಅಲ್ಲ.

ಭಾರತದಲ್ಲಿ 1957ರ ಕಾಪಿರೈಟ್ ಕಾಯ್ದೆ ಇದೆ. ಬರೆದವರು ತೀರಿಕೊಂಡ ಮೇಲೂ 60 ವರ್ಷ ಪುಸ್ತಕದ ಹಕ್ಕು ಉಳಿಯುತ್ತದೆ. ಲೈಸೆನ್ಸ್ ಬಗ್ಗೆ ಏನೂ ಬರೆದಿಲ್ಲ ಎಂದರೆ ಹಕ್ಕು ಕಾಯ್ದಿರಿಸಿದೆ ಎಂದೇ ಲೆಕ್ಕ. ಆದ್ದರಿಂದ ಯಾವುದನ್ನೇ ತೆರೆದರೂ ಮೊದಲು ಲೈಸೆನ್ಸ್ ಸಾಲು ಹುಡುಕಿ. ಪುಸ್ತಕವಾದರೆ ಶೀರ್ಷಿಕೆ ಪುಟದ ಹಿಂದೆ, ಜಾಲತಾಣವಾದರೆ ಪುಟದ ತಳದಲ್ಲಿ, ವಿಡಿಯೊ ಆದರೆ ವಿವರಣೆಯಲ್ಲಿ ಇರುತ್ತದೆ.

ಆ ಲೈಸೆನ್ಸ್ ಚಿಹ್ನೆಗಳನ್ನು ಓದುವುದು ಹೇಗೆ?

ಜಾಸ್ತಿ ಬಳಕೆಯಲ್ಲಿರುವುದು ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್‌ಗಳು. ಮೊದಲ ಬಾರಿ ಬಂದದ್ದು 2002ರ ಡಿಸೆಂಬರ್‌ನಲ್ಲಿ, ಈಗ ನಡೆಯುತ್ತಿರುವ 4.0 ಆವೃತ್ತಿ 2013ರದ್ದು. ನಾಲ್ಕು ತುಣುಕು ಕಲಿತರೆ ಸಾಕು.

"ಬಿವೈ" ಎಂದರೆ ಮೂಲದವರ ಹೆಸರು ಹೇಳಬೇಕು. "ಎಸ್‌ಎ" ಎಂದರೆ ತಿದ್ದಿ ಹಂಚಿದರೆ ಅದೇ ಲೈಸೆನ್ಸ್‌ನಲ್ಲೇ ಹಂಚಬೇಕು. ಪಕ್ಕದ ಮನೆಯಿಂದ ಹೆಪ್ಪು ತಂದು ಮೊಸರು ಮಾಡಿದವರು ನಾಳೆ ಇನ್ನೊಬ್ಬರು ಕೇಳಿದಾಗ ಇಲ್ಲ ಅನ್ನಬಾರದು, ಹಾಗೆ. "ಎನ್‌ಸಿ" ಎಂದರೆ ವ್ಯಾಪಾರಕ್ಕೆ ಬಳಸುವ ಹಾಗಿಲ್ಲ. "ಎನ್‌ಡಿ" ಎಂದರೆ ತಿದ್ದಿದ್ದನ್ನು ಹಂಚುವ ಹಾಗಿಲ್ಲ. ಅನುವಾದವೂ ತಿದ್ದುವಿಕೆಯೇ, ಹಾಗಾಗಿ "ಎನ್‌ಡಿ" ಇರುವ ಪುಸ್ತಕವನ್ನು ಕನ್ನಡಕ್ಕೆ ತಂದು ಹಂಚಲು ಆಗುವುದಿಲ್ಲ. ನಮ್ಮ ಕೆಲಸಕ್ಕೆ "ಎನ್‌ಡಿ" ಅಷ್ಟಾಗಿ ಒದಗದು.

ನಾನು ಬಿಇ ಓದುತ್ತಿದ್ದೇನೆ. ಎಲ್ಲಿಂದ ಶುರು ಮಾಡಲಿ?

ಎನ್‌ಪಿಟೆಲ್‌ನಿಂದ. ಏಳು ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್‌ಸಿ ಸೇರಿ 2003ರಲ್ಲಿ ಕೈಗೆತ್ತಿಕೊಂಡ ಯೋಜನೆ ಇದು. ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಸೈನ್ಸ್, ಯಾವ ಬ್ರಾಂಚ್ ಆದರೂ ಪೂರ್ತಿ ಕೋರ್ಸ್ ಸಿಗುತ್ತದೆ. ಹಲವು ಕೋರ್ಸ್‌ಗಳಿಗೆ ಮೇಷ್ಟ್ರು ಹೇಳಿದ್ದೆಲ್ಲ ಬರಹ ರೂಪದಲ್ಲೂ ಇದೆ. ಈ ಬರಹದ ಪಿಡಿಎಫ್ ಬಹಳ ಜನರ ಕಣ್ಣಿಗೇ ಬೀಳುವುದಿಲ್ಲ. ಒಂದು ಗಂಟೆ ವಿಡಿಯೊ ನೋಡುವ ಬದಲು ಅದನ್ನು ಓದಿ, ಅರ್ಥವಾಗದ ಕಡೆ ಮಾತ್ರ ವಿಡಿಯೊ ಹಾಕಿಕೊಂಡರೆ ಸಮಯವೂ ಉಳಿಯುತ್ತದೆ, ಡೇಟಾವೂ ಉಳಿಯುತ್ತದೆ.

ಮೊದಲ ವರ್ಷದ ಭೌತಶಾಸ್ತ್ರ, ಗಣಿತಕ್ಕೆ ಓಪನ್‌ಸ್ಟ್ಯಾಕ್ಸ್ ಪುಸ್ತಕಗಳು ಚೆನ್ನಾಗಿವೆ. ಇವು ಅಮೆರಿಕದ ರೈಸ್ ವಿಶ್ವವಿದ್ಯಾಲಯದ್ದು, 2012ರಿಂದ ಬರುತ್ತಿವೆ. ಮೂರು ಸಂಪುಟದ ಯೂನಿವರ್ಸಿಟಿ ಫಿಸಿಕ್ಸ್‌ಗೆ ಬರೀ "ಬಿವೈ" ಲೈಸೆನ್ಸ್. ಅಂದರೆ ಹೆಸರು ಹೇಳಿ ಏನು ಬೇಕಾದರೂ ಮಾಡಬಹುದು. ಅದೇ ಸಂಸ್ಥೆಯ ಕ್ಯಾಲ್ಕುಲಸ್ ಪುಸ್ತಕಕ್ಕೆ "ಬಿವೈ-ಎನ್‌ಸಿ-ಎಸ್‌ಎ". ಒಂದೇ ಸಂಸ್ಥೆಯದ್ದಾದರೂ ಪುಸ್ತಕದಿಂದ ಪುಸ್ತಕಕ್ಕೆ ಲೈಸೆನ್ಸ್ ಬದಲಾಗುತ್ತದೆ, ನೋಡಿಕೊಳ್ಳಿ.

ಒಂದೇ ವಿಷಯಕ್ಕೆ ಐದು ಕಡೆಯಿಂದ ಸಾಮಗ್ರಿ ಗುಡ್ಡೆ ಹಾಕಬೇಡಿ. ಒಂದು ಪುಸ್ತಕ, ಒಂದು ಕೋರ್ಸ್ ಸಾಕು. ಅದನ್ನು ಕೊನೆಯವರೆಗೆ ಓದಿ.

ಎನ್‌ಪಿಟೆಲ್ ಸರ್ಟಿಫಿಕೇಟ್‌ಗೆ ದುಡ್ಡು ಕೊಡಬೇಕಾ?

ಕೋರ್ಸ್‌ಗೆ ಸೇರಲು, ಕಲಿಯಲು, ಅಸೈನ್‌ಮೆಂಟ್ ಕೊಡಲು ಏನೂ ಕೊಡಬೇಕಿಲ್ಲ. ಸರ್ಟಿಫಿಕೇಟ್ ಬೇಕೆಂದರೆ ಶುಲ್ಕ ಕಟ್ಟಿ ಪರೀಕ್ಷಾ ಕೇಂದ್ರಕ್ಕೆ ಹೋಗಿ ಬರೆಯಬೇಕು. ಅಸೈನ್‌ಮೆಂಟ್‌ಗೆ 25, ಪರೀಕ್ಷೆಗೆ 75 ಅಂಕ. ಅಸೈನ್‌ಮೆಂಟ್‌ನಲ್ಲಿ 25ಕ್ಕೆ 10, ಪರೀಕ್ಷೆಯಲ್ಲಿ 75ಕ್ಕೆ 30 ಬರಲೇಬೇಕು. ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್ ತಾಣ "ಸ್ವಯಂ" ಮೂಲಕ ಬರುವ ಕೋರ್ಸ್‌ಗಳಿಂದ ಒಂದು ಸೆಮಿಸ್ಟರ್‌ನ ಕೋರ್ಸ್‌ಗಳಲ್ಲಿ ಶೇ 40ರವರೆಗೆ ಕ್ರೆಡಿಟ್ ಪಡೆಯಲು ಯುಜಿಸಿಯ 2021ರ ನಿಯಮ ಅವಕಾಶ ಕೊಡುತ್ತದೆ. ನಿಮ್ಮ ಕಾಲೇಜು ಯಾವ ಕೋರ್ಸ್ ಒಪ್ಪುತ್ತದೆ ಎನ್ನುವುದನ್ನು ಎಚ್‌ಒಡಿ ಹತ್ತಿರ ಕೇಳಿ, ಆಮೇಲೆ ದುಡ್ಡು ಕಟ್ಟಿ.

ಡಿಪ್ಲೊಮಾ, ಐಟಿಐ ಓದುವವರಿಗೆ ಏನಿದೆ?

ಡಿಪ್ಲೊಮಾದವರಿಗೆ ಎಐಸಿಟಿಇಯ ಇ-ಕುಂಭ್ ಪೋರ್ಟಲ್ ಇದೆ. ಅದರಲ್ಲಿ ಡಿಪ್ಲೊಮಾ ಮತ್ತು ಬಿಇಯ ಆರಂಭದ ವರ್ಷಗಳ ತಾಂತ್ರಿಕ ಪುಸ್ತಕಗಳು ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳಲ್ಲಿ ಸಿಗುತ್ತವೆ. ಐಟಿಐ ಹುಡುಗರಿಗೆ ಕೇಂದ್ರ ತರಬೇತಿ ಮಹಾನಿರ್ದೇಶನಾಲಯದ ಭಾರತ್ ಸ್ಕಿಲ್ಸ್ ಇದೆ. ಫಿಟ್ಟರ್, ಎಲೆಕ್ಟ್ರಿಷಿಯನ್ ಮುಂತಾದ ಟ್ರೇಡ್‌ಗಳ ಸಿಲೆಬಸ್, ಪ್ರಶ್ನೆ ಸಂಗ್ರಹ, ವಿಡಿಯೊ ಅಲ್ಲಿವೆ. ಓದಲು ಎರಡೂ ಉಚಿತ. ತಿದ್ದಿ ಹಂಚುವ ಯೋಚನೆ ಇದ್ದರೆ ಆಯಾ ಪುಸ್ತಕದ ಲೈಸೆನ್ಸ್ ಪುಟ ಓದಿ.

ಪಿಯುಸಿವರೆಗೆ ಕನ್ನಡದಲ್ಲಿ ಓದಿದೆ. ಇಂಗ್ಲಿಷ್ ಪಾಠ ತಲೆಗೆ ಹೋಗಲ್ಲ. ಏನು ಮಾಡಲಿ?

ಈ ಪ್ರಶ್ನೆ ಕೇಳುವವರು ಹೊಳೆನರಸೀಪುರ, ಅರಕಲಗೂಡು, ಕಡೂರು, ತರೀಕೆರೆ ಕಡೆಯ ಸರ್ಕಾರಿ ಶಾಲೆ ಕಾಲೇಜುಗಳಿಂದ ಬಂದವರೇ ಜಾಸ್ತಿ. ಮೊದಲ ಸೆಮಿಸ್ಟರ್‌ನಲ್ಲೇ ಧೈರ್ಯ ಕಳೆದುಕೊಳ್ಳುತ್ತಾರೆ. ಇವರಲ್ಲಿ ಬಹಳ ಜನರಿಗೆ ವಿಷಯ ಕಷ್ಟವಲ್ಲ, ಬರೀ ಭಾಷೆ ಅಡ್ಡ ನಿಂತಿರುತ್ತದೆ. ಇದು ದಡ್ಡತನ ಅಲ್ಲವೇ ಅಲ್ಲ ಎಂದು ಅವರಿಗೆ ಯಾರಾದರೂ ಬಾಯಿಬಿಟ್ಟು ಹೇಳಬೇಕು.

ನಾನು ಹೇಳುವ ದಾರಿ ಇದು. ಗಣಿತದ ತಳಪಾಯ ಸಡಿಲ ಅನಿಸಿದರೆ ಖಾನ್ ಅಕಾಡೆಮಿಯ ಕನ್ನಡ ಪಾಠಗಳಿಂದ ಶುರು ಮಾಡಿ. ಪ್ರೋಗ್ರಾಮಿಂಗ್ ಮತ್ತು ಸಾಫ್ಟ್‌ವೇರ್ ಕಲಿಯಲು ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ನೋಡಿ. ಒಂದೊಂದು ಪಾಠ ಸುಮಾರು 10 ನಿಮಿಷ. ಪರದೆಯ ಅರ್ಧದಲ್ಲಿ ಪಾಠ, ಇನ್ನರ್ಧದಲ್ಲಿ ನಿಮ್ಮ ಕೆಲಸ. ಅವರು ಒಂದು ಸಾಲು ಮಾಡಿದರೆ ನೀವೂ ಒಂದು ಸಾಲು ಮಾಡಬೇಕು. ಹಲವು ಪಾಠಗಳಿಗೆ ಕನ್ನಡ ಧ್ವನಿ ಇದೆ. ಎನ್‌ಪಿಟೆಲ್‌ನ ಕೆಲವು ಕೋರ್ಸ್‌ಗಳ ಬರಹವೂ ಕನ್ನಡಕ್ಕೆ ಬಂದಿದೆ.

ಹೀಗೆ ವಿಷಯ ಕನ್ನಡದಲ್ಲಿ ಹಿಡಿತಕ್ಕೆ ಬಂದ ಮೇಲೆ ಅದೇ ಅಧ್ಯಾಯವನ್ನು ಇಂಗ್ಲಿಷ್‌ನಲ್ಲಿ ಓದಿ. ಈಗ ವಾಕ್ಯಗಳು ಬಿಡಿಸಿಕೊಳ್ಳುತ್ತವೆ, ಏಕೆಂದರೆ ಅದು ಏನು ಹೇಳಲು ಹೊರಟಿದೆ ಎನ್ನುವುದು ನಿಮಗೆ ಗೊತ್ತಿದೆ. ಇಂಗ್ಲಿಷ್ ಬಿಟ್ಟುಬಿಡಿ ಎಂದು ನಾನು ಹೇಳುವುದಿಲ್ಲ. ಪರೀಕ್ಷೆ, ಇಂಟರ್‌ವ್ಯೂ, ಡೇಟಾಶೀಟ್ ಎಲ್ಲ ಅದರಲ್ಲೇ ಇವೆ. ಆದರೆ ಅರ್ಥ ಮಾಡಿಕೊಳ್ಳುವ ಕೆಲಸ ಮೊದಲು ಮನೆಮಾತಿನಲ್ಲಿ ಆಗಲಿ.

ಊರಲ್ಲಿ ನೆಟ್‌ವರ್ಕ್ ಇಲ್ಲ. ಈ ಎಲ್ಲ ಮಾತು ನಮಗೆ ಹೇಗೆ ಅನ್ವಯಿಸುತ್ತೆ?

ಮೂಡಿಗೆರೆ, ಕಳಸ, ಕೊಪ್ಪ, ಶೃಂಗೇರಿ, ಸಕಲೇಶಪುರದ ಒಳಗಿನ ಹಳ್ಳಿಗಳಿಂದ ಬರುವವರ ದೂರು ಇದು, ನಿಜವಾದ ದೂರು. ಜೂನ್‌ನಿಂದ ಮಳೆ ಹಿಡಿದರೆ ಕರೆಂಟೂ ಇಲ್ಲ, ಟವರೂ ಇಲ್ಲ. ಫೋನ್ ಹಿಡಿದು ಗುಡ್ಡದ ಮೇಲೆ ಸಿಗ್ನಲ್ ಹುಡುಕುವ ಹುಡುಗಿಗೆ "ಆನ್‌ಲೈನ್‌ನಲ್ಲಿ ಎಲ್ಲ ಇದೆ" ಎಂದು ಹೇಳಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ.

ಮುಕ್ತ ಲೈಸೆನ್ಸ್ ನಿಜವಾಗಿ ಉಪಯೋಗಕ್ಕೆ ಬರುವುದು ಇಂಥ ಕಡೆ. ಇಳಿಸಿಕೊಂಡು ಇಟ್ಟುಕೊಳ್ಳುವ, ಪೆನ್‌ಡ್ರೈವ್‌ನಲ್ಲಿ ದಾಟಿಸುವ ಹಕ್ಕು ಅದರಲ್ಲೇ ಇದೆ. ಎಂಐಟಿಯ ಹಲವು ಕೋರ್ಸ್‌ಗಳನ್ನು ಒಂದೇ ಜಿಪ್ ಫೈಲ್ ಆಗಿ ಇಳಿಸಿಕೊಳ್ಳಬಹುದು. ಓಪನ್‌ಸ್ಟ್ಯಾಕ್ಸ್ ಪುಸ್ತಕಗಳ ಪಿಡಿಎಫ್ ಸಿಗುತ್ತದೆ. ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಬೇಕಾದ ಪಾಠಗಳನ್ನು ಆರಿಸಿ ಒಟ್ಟಿಗೆ ಇಳಿಸುವ ವ್ಯವಸ್ಥೆ ಇದೆ. ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ ಸಿಮ್ಯುಲೇಶನ್‌ಗಳನ್ನು 2001ರಲ್ಲಿ ನೊಬೆಲ್ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ ಶುರು ಮಾಡಿದರು. ಅವುಗಳಲ್ಲಿ ಕೆಲವು ಕನ್ನಡದಲ್ಲೂ ಇವೆ. ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ಬ್ರೌಸರ್‌ನಲ್ಲಿ ನಡೆಯುತ್ತವೆ. ಕಿವಿಕ್ಸ್ ಎಂಬ ಆ್ಯಪ್ ಹಾಕಿಕೊಂಡರೆ ವಿಕಿಪೀಡಿಯವನ್ನೇ ಫೋನ್‌ನಲ್ಲಿ ತುಂಬಿಕೊಂಡು ಮನೆಗೆ ಒಯ್ಯಬಹುದು.

ಇದನ್ನು ಒಬ್ಬೊಬ್ಬ ವಿದ್ಯಾರ್ಥಿಯ ತಲೆಗೆ ಕಟ್ಟಬಾರದು, ಡಿಪಾರ್ಟ್‌ಮೆಂಟ್ ಮಾಡಬೇಕು. ಮೂಲೆಯಲ್ಲಿ ಬಿದ್ದಿರುವ ಹಳೆಯ ಕಂಪ್ಯೂಟರ್ ಒಂದು, ವೈಫೈ ರೂಟರ್ ಒಂದು ಸಾಕು. ಕಂಪ್ಯೂಟರ್‌ನಲ್ಲಿ ಸೆಮಿಸ್ಟರ್‌ಗೆ ಬೇಕಾದ ಪುಸ್ತಕ, ವಿಡಿಯೊ, ಸಿಮ್ಯುಲೇಶನ್ ಜೋಡಿಸಿಡಿ. ಇಂಟರ್‌ನೆಟ್ ಸಂಪರ್ಕವೇ ಬೇಡ. ಹುಡುಗರು ಆ ವೈಫೈಗೆ ಫೋನ್ ಸೇರಿಸಿ ಬೇಕಾದ್ದನ್ನು ಇಳಿಸಿಕೊಂಡು ಸಂಜೆ ಬಸ್ ಹತ್ತಬಹುದು. ಇದಕ್ಕೆಂದೇ ಇರುವ ಕೊಲಿಬ್ರಿ ಎಂಬ ಉಚಿತ ಸಾಫ್ಟ್‌ವೇರ್ ಹಾಕಿದರೆ ಕೆಲಸ ಇನ್ನೂ ಸಲೀಸು. ಲೈಬ್ರರಿಯನ್‌ಗೆ ಸ್ವಲ್ಪ ಆಸಕ್ತಿ ಇದ್ದರೆ ಇದನ್ನು ಅವರ ಕೈಗೆ ಕೊಡಿ. ಮೇಷ್ಟ್ರುಗಳಿಗಿಂತ ಅವರೇ ಅಚ್ಚುಕಟ್ಟಾಗಿ ನೋಡಿಕೊಳ್ಳುತ್ತಾರೆ ಎನ್ನುವುದು ನಾನು ಕಂಡದ್ದು.

ಲ್ಯಾಪ್‌ಟಾಪ್ ಇಲ್ಲ, ಫೋನ್ ಮಾತ್ರ ಇದೆ.

ಓದಲು, ವಿಡಿಯೊಗೆ ಫೋನ್ ಸಾಕು. ಬೋರ್ಡಿನ ಪಾಠಕ್ಕೆ ವಿಡಿಯೊ ಗುಣಮಟ್ಟ ಇಳಿಸಿಕೊಂಡರೂ ನಡೆಯುತ್ತದೆ. ಪೈಥಾನ್ ಅಥವಾ ಆಕ್ಟೇವ್ ಪ್ರೋಗ್ರಾಂಗಳನ್ನು ಬ್ರೌಸರ್‌ನಲ್ಲೇ ನಡೆಸುವ ತಾಣಗಳಿವೆ. ಕ್ಯಾಡ್ ಡ್ರಾಯಿಂಗ್, ಸರ್ಕ್ಯೂಟ್ ಡಿಸೈನ್ ಮಾತ್ರ ಫೋನ್‌ನಲ್ಲಿ ಆಗದ ಕೆಲಸ. ಅದಕ್ಕೆ ಕಾಲೇಜಿನ ಲ್ಯಾಬ್ ಸಂಜೆ ಇನ್ನೊಂದು ಗಂಟೆ ತೆರೆದಿರಲಿ ಎಂದು ನಾಲ್ಕು ಜನ ಸೇರಿ ಪ್ರಿನ್ಸಿಪಾಲರನ್ನು ಕೇಳಿ.

ವರ್ಚುವಲ್ ಲ್ಯಾಬ್ ಇದ್ದರೆ ನಿಜವಾದ ಲ್ಯಾಬ್ ಬೇಡವಾ?

ಬೇಕೇ ಬೇಕು. ಕೇಂದ್ರ ಶಿಕ್ಷಣ ಸಚಿವಾಲಯದ ವರ್ಚುವಲ್ ಲ್ಯಾಬ್ಸ್ ಯೋಜನೆಯಲ್ಲಿ ಐಐಟಿ ಮತ್ತಿತರ ಸಂಸ್ಥೆಗಳು ಮಾಡಿದ ನೂರಾರು ಪ್ರಯೋಗಗಳಿವೆ. ಲ್ಯಾಬಿಗೆ ಹೋಗುವ ಹಿಂದಿನ ದಿನ ಅದರಲ್ಲಿ ಪ್ರಯೋಗ ಮಾಡಿ ನೋಡಿದವರು ಮರುದಿನ ಎದುರಿಗಿರುವ ಉಪಕರಣಕ್ಕೆ ಹೆದರುವುದಿಲ್ಲ. ಆದರೆ ಸಡಿಲ ವೈರು, ಸುಟ್ಟ ಫ್ಯೂಸು, ಸೊನ್ನೆಗೆ ಬಾರದ ಮೀಟರ್ ಮುಳ್ಳು, ಇವನ್ನು ಪರದೆ ಕಲಿಸುವುದಿಲ್ಲ. ಲೇತ್ ಮುಂದೆ ನಿಂತು ಕಲಿಯಬೇಕಾದ್ದನ್ನು ನಿಂತೇ ಕಲಿಯಬೇಕು. ವರ್ಚುವಲ್ ಲ್ಯಾಬ್ ಇದೆ ಎಂಬ ನೆಪ ಹೇಳಿ ಉಪಕರಣ ರಿಪೇರಿಗೆ ದುಡ್ಡು ಕೊಡದ ಆಡಳಿತ ಮಂಡಳಿಗೆ ಇದನ್ನು ಗಟ್ಟಿಯಾಗಿ ಹೇಳಬೇಕು.

ಲ್ಯಾಬಿನಲ್ಲಿ ಬಳಸುವ ಸಾಫ್ಟ್‌ವೇರ್ ತುಂಬ ದುಬಾರಿ. ಕ್ರ್ಯಾಕ್ ಹಾಕಿಕೊಂಡರೆ ತಪ್ಪಾ?

ತಪ್ಪು. ಜೊತೆಗೆ ವೈರಸ್ ಕಾಟ. ಬದಲಿ ಸಾಕಷ್ಟಿದೆ. ಮ್ಯಾಟ್‌ಲ್ಯಾಬ್ ಕೆಲಸದ ಹೆಚ್ಚಿನ ಪಾಲನ್ನು ಆಕ್ಟೇವ್ ಮಾಡುತ್ತದೆ, ಅದರ ಭಾಷೆಯೂ ಬಹುಪಾಲು ಒಂದೇ. ಸೈಲ್ಯಾಬ್ ಇನ್ನೊಂದು. ಸರ್ಕ್ಯೂಟ್‌ಗೆ ಕೈಕ್ಯಾಡ್, ಎನ್‌ಜಿಸ್ಪೈಸ್. ಯಂತ್ರಭಾಗಗಳ ಚಿತ್ರಕ್ಕೆ ಫ್ರೀಕ್ಯಾಡ್. ಸಿವಿಲ್‌ನವರ ಭೂಪಟಕ್ಕೆ ಕ್ಯೂಜಿಐಎಸ್. ಐಐಟಿ ಬಾಂಬೆಯ ಫಾಸ್ಸೀ ಯೋಜನೆಯವರು ಇ-ಸಿಮ್ ಎಂಬ ಸರ್ಕ್ಯೂಟ್ ಸಾಫ್ಟ್‌ವೇರ್ ಕಟ್ಟಿದ್ದಾರೆ. ಪಠ್ಯಪುಸ್ತಕಗಳಲ್ಲಿ ಬಿಡಿಸಿ ತೋರಿಸಿರುವ ಲೆಕ್ಕಗಳಿಗೆ ಸೈಲ್ಯಾಬ್ ಕೋಡ್ ಬರೆಸಿ ಎಲ್ಲರಿಗೂ ಇಟ್ಟಿದ್ದಾರೆ, ಅದನ್ನು ಬರೆದವರಲ್ಲಿ ನಿಮ್ಮಂಥ ವಿದ್ಯಾರ್ಥಿಗಳೇ ಇದ್ದಾರೆ.

ಸಿಲೆಬಸ್‌ಗೆ ಸರಿಯಾಗಿ ಹೊಂದಲ್ಲ. ಪರೀಕ್ಷೆಗೆ ಇದರಿಂದ ಏನು ಲಾಭ?

ಪೂರ್ತಿ ಹೊಂದುವುದಿಲ್ಲ, ನಿಜ. ವಿಟಿಯು ಪೇಪರ್‌ನಲ್ಲಿ ಐದು ಮಾಡ್ಯೂಲ್, ಪ್ರತಿ ಮಾಡ್ಯೂಲ್‌ನಿಂದ ಒಂದು ಪೂರ್ಣ ಪ್ರಶ್ನೆ. ಯಾವ ಐಐಟಿ ಕೋರ್ಸೂ ಆ ಚೌಕಟ್ಟಿಗೆ ಹೊಲಿದಿಲ್ಲ. ಇಲ್ಲಿ ಮೇಷ್ಟ್ರು ಮಾಡಬೇಕಾದ ಒಂದು ಸಣ್ಣ ಕೆಲಸವಿದೆ. ಸಿಲೆಬಸ್ ಹಾಳೆ ತೆಗೆದುಕೊಂಡು ಒಂದೊಂದು ಸಾಲಿನ ಎದುರು "ಇಂಥ ಪುಸ್ತಕದ ಇಂಥ ವಿಭಾಗ, ಇಂಥ ಲೆಕ್ಚರ್‌ನ ಇಷ್ಟನೇ ನಿಮಿಷದಿಂದ" ಎಂದು ಬರೆಯುವುದು. ಎರಡು ಪುಟ ಆಗಬಹುದು. ಆ ಎರಡು ಪುಟ ಇಡೀ ಬ್ಯಾಚ್‌ಗೆ ದಾರಿ ತೋರಿಸುತ್ತದೆ. ಮುಂದಿನ ವರ್ಷ ಸ್ಕೀಮ್ ಬದಲಾದರೆ ನಾಲ್ಕು ಸಾಲು ತಿದ್ದಿದರಾಯಿತು.

ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವುದನ್ನು ನಿಲ್ಲಿಸಬೇಡಿ. ಪಾಠ ಅರ್ಥವಾಗಲು ಮುಕ್ತ ಪುಸ್ತಕ, ಬರೆಯುವ ಅಭ್ಯಾಸಕ್ಕೆ ಹಳೆಯ ಪೇಪರ್.

ಪರದೇಶದ ಪುಸ್ತಕದ ಉದಾಹರಣೆಗಳು ನಮ್ಮ ಮಕ್ಕಳಿಗೆ ನಾಟುವುದಿಲ್ಲ. ಬದಲಾಯಿಸಬಹುದಾ?

ನನಗೆ ತುಂಬ ಇಷ್ಟವಾದ ಪ್ರಶ್ನೆ. ಬದಲಾಯಿಸಬಹುದು, ಬದಲಾಯಿಸಬೇಕು. "ಎನ್‌ಡಿ" ಇಲ್ಲದ ಯಾವ ಲೈಸೆನ್ಸ್ ಆದರೂ ಆಗುತ್ತದೆ. ಹಿಮದ ಮೇಲೆ ಜಾರುವ ಹಲಗೆ, ಬೇಸ್‌ಬಾಲ್ ಚೆಂಡು ತೆಗೆದು ನಮ್ಮ ಸುತ್ತ ಇರುವುದನ್ನು ಹಾಕಿ. ಎರಡು ಜಿಲ್ಲೆಗಳಲ್ಲಿ ಸಾಮಗ್ರಿಗೆ ಬರವಿಲ್ಲ.

ಮಳೆಯಿಂದ ಶುರು ಮಾಡಿ. ಮಲೆನಾಡಿನ ಕಾಫಿ ತೋಟಗಳಲ್ಲಿ ಮಳೆ ಅಳೆದು ಇಂಚು, ಸೆಂಟ್ಸ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಪುಸ್ತಕದಲ್ಲಿ ಬರೆದಿಡುವ ರೂಢಿ ಹಿಂದಿನಿಂದಲೂ ಇದೆ. ಒಂದು ಎಕರೆ ಮೇಲೆ ಒಂದು ಇಂಚು ಮಳೆ ಬಿದ್ದರೆ ಎಷ್ಟು ಲೀಟರ್? ಒಂದು ಎಕರೆ ಸುಮಾರು 4047 ಚದರ ಮೀಟರ್, ಒಂದು ಇಂಚು 25.4 ಮಿಲಿಮೀಟರ್. ಗುಣಿಸಿದರೆ ಸುಮಾರು 1,02,800 ಲೀಟರ್. ಏಕಮಾನ ಬದಲಾಯಿಸುವ ಪಾಠವನ್ನು ಇದಕ್ಕಿಂತ ಚೆನ್ನಾಗಿ ಕಲಿಸಲು ಆಗುತ್ತದಾ? ಅಜ್ಜ ಬರೆದಿಟ್ಟ ಮಳೆ ಪುಸ್ತಕವನ್ನು ವಿದ್ಯಾರ್ಥಿಯೊಬ್ಬಳು ಮನೆಯವರ ಒಪ್ಪಿಗೆ ಪಡೆದು ಕಂಪ್ಯೂಟರ್‌ಗೆ ಏರಿಸಿದರೆ ಸಂಖ್ಯಾಶಾಸ್ತ್ರಕ್ಕೂ ಹೈಡ್ರಾಲಜಿಗೂ ಅದೇ ಡೇಟಾ. ಸರಾಸರಿ, ವ್ಯತ್ಯಾಸ, ಯಾವ ತಿಂಗಳು ಮಳೆ ಸರಿದಿದೆ, ಎಲ್ಲ ಅದರಿಂದಲೇ ತೆಗೆಯಬಹುದು.

ಮೆಕ್ಯಾನಿಕಲ್‌ನವರಿಗೆ ಪಂಪು. ಹಳ್ಳದಿಂದ 30 ಮೀಟರ್ ಎತ್ತರಕ್ಕೆ ಸೆಕೆಂಡಿಗೆ 5 ಲೀಟರ್ ನೀರು ಎತ್ತಬೇಕು. ನೀರಿಗೆ ಬೇಕಾದ ಶಕ್ತಿ ಸುಮಾರು 1.47 ಕಿಲೊವ್ಯಾಟ್. ಪಂಪು ಮೋಟಾರು ಸೇರಿ ದಕ್ಷತೆ ಶೇ 50 ಎಂದುಕೊಂಡರೆ 2.94 ಕಿಲೊವ್ಯಾಟ್, ಅಂದರೆ ಹತ್ತಿರ ಹತ್ತಿರ 4 ಎಚ್‌ಪಿ. ಪೈಪಿನೊಳಗಿನ ಘರ್ಷಣೆಯ ನಷ್ಟ ಇನ್ನೂ ಸೇರಿಸಿಲ್ಲ. ಅದನ್ನು ಸೇರಿಸಿ ಎಂದು ಮುಂದಿನ ಪ್ರಶ್ನೆ ಕೊಡಿ. ತೋಟದಲ್ಲಿ 5 ಎಚ್‌ಪಿ ಮೋಟಾರು ಏಕೆ ಕೂರಿಸಿದ್ದಾರೆ ಎನ್ನುವುದು ಹುಡುಗರಿಗೆ ತಾನಾಗಿ ಹೊಳೆಯುತ್ತದೆ.

ಉಷ್ಣಶಾಸ್ತ್ರಕ್ಕೆ ಕಾಫಿ ಒಣಗಿಸುವ ಕಣ. ಪಲ್ಪರ್ ಯಂತ್ರಕ್ಕೆ ಹಾಕಿ ಹಣ್ಣಿನ ಸಿಪ್ಪೆ ತೆಗೆದು ತೊಳೆದ 100 ಕಿಲೊ ಕಾಫಿ ಬೀಜದಲ್ಲಿ (ಪಾರ್ಚ್‌ಮೆಂಟ್) ಶೇ 50 ತೇವಾಂಶ ಇದೆ ಎಂದಿಟ್ಟುಕೊಳ್ಳಿ. ಶೇ 10ಕ್ಕೆ ಒಣಗಿಸಬೇಕು. ಎಷ್ಟು ನೀರು ಹೋಗಬೇಕು? ಬಹಳ ಜನ ಥಟ್ಟನೆ 40 ಕಿಲೊ ಅನ್ನುತ್ತಾರೆ. ಸರಿಯಾದ ಉತ್ತರ 44.4 ಕಿಲೊ, ಏಕೆಂದರೆ ಕೊನೆಗೆ ಉಳಿಯುವ ತೂಕವೂ ಕಡಿಮೆಯಾಗಿ 55.6 ಕಿಲೊಗೆ ಇಳಿದಿರುತ್ತದೆ. ಕಿಲೊ ನೀರಿಗೆ 2400 ಕಿಲೊಜೌಲ್ ಹಿಡಿದರೆ ಸುಮಾರು 30 ಯೂನಿಟ್ ಕರೆಂಟಿನಷ್ಟು ಶಾಖ ಬೇಕು. ಅಷ್ಟನ್ನೂ ಬಿಸಿಲು ಪುಕ್ಕಟೆ ಕೊಡುತ್ತಿದೆ. ಕೊಯ್ಲಿನ ಹೊತ್ತಿಗೆ ಮೋಡ ಕವಿದರೆ ಮನೆಯವರು ಏಕೆ ಕಂಗಾಲಾಗುತ್ತಾರೆ ಎನ್ನುವುದು ಈ ಲೆಕ್ಕದಲ್ಲಿದೆ.

ಹಾಸನದವರಿಗೆ ಉಪಗ್ರಹಗಳನ್ನು ನಿಯಂತ್ರಿಸುವ ಇಸ್ರೊದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಊರಲ್ಲೇ ಇದೆ, 1982ರಿಂದ. ಕಮ್ಯುನಿಕೇಶನ್ ಪಾಠ ಅಲ್ಲಿಂದಲೇ ಶುರುವಾಗಲಿ. ಭೂಸ್ಥಿರ ಉಪಗ್ರಹ ಸಮಭಾಜಕದ ಮೇಲೆ 35,786 ಕಿಲೊಮೀಟರ್ ಎತ್ತರದಲ್ಲಿದೆ. ಸಿಗ್ನಲ್ ಮೇಲೆ ಹೋಗಿ ಕೆಳಗೆ ಬರಲು ಕಡಿಮೆ ಅಂದರೂ 0.24 ಸೆಕೆಂಡ್. ಹಾಸನದಿಂದ ನೋಡಿದರೆ ಉಪಗ್ರಹ ನೆತ್ತಿಯ ಮೇಲಿರುವುದಿಲ್ಲ, ಓರೆಯಲ್ಲಿರುತ್ತದೆ. ಹಾಗಾದರೆ ದೂರ ಎಷ್ಟು ಜಾಸ್ತಿ? ಹಾಸನದ ಅಕ್ಷಾಂಶ ಸುಮಾರು 13 ಡಿಗ್ರಿ ಎಂದು ಕೊಟ್ಟು ಬಿಡಿ, ತ್ರಿಕೋನಮಿತಿ ಅವರೇ ಮಾಡಲಿ.

ಇಂಥ ಹತ್ತು ಲೆಕ್ಕ ಸೇರಿದರೆ ಒಂದು ಅಧ್ಯಾಯಕ್ಕೆ ಹೊಸ ಜೀವ ಬರುತ್ತದೆ. ಎಲ್ಲ ಹಕ್ಕು ಕಾಯ್ದಿರಿಸಿದ ಪುಸ್ತಕದಲ್ಲಾದರೆ ಇವು ನಿಮ್ಮ ನೋಟ್‌ಬುಕ್‌ನಲ್ಲೇ ಉಳಿಯುತ್ತವೆ. ಮುಕ್ತ ಪುಸ್ತಕದಲ್ಲಾದರೆ ಆ ಅಧ್ಯಾಯದ ಭಾಗವಾಗಿ ಶಿರಸಿಗೂ ಹೋಗುತ್ತವೆ, ಮಡಿಕೇರಿಗೂ ಹೋಗುತ್ತವೆ.

ಮೂಲದವರ ಹೆಸರು ಹಾಕುವುದು ಹೇಗೆ? ಪುಸ್ತಕದ ಕೊನೆಯಲ್ಲಿ ಥ್ಯಾಂಕ್ಸ್ ಅಂದರೆ ಸಾಕಾ?

ಸಾಲದು. ನಾಲ್ಕು ವಿಷಯ ಬೇಕು: ಅದರ ಶೀರ್ಷಿಕೆ, ಮಾಡಿದವರು, ಸಿಕ್ಕ ಜಾಗದ ಕೊಂಡಿ, ಲೈಸೆನ್ಸ್. ಬದಲಾಯಿಸಿದ್ದರೆ ಏನು ಬದಲಾಯಿಸಿದಿರಿ ಎಂದೂ ಬರೆಯಿರಿ. ಉದಾಹರಣೆಗೆ: "ಯೂನಿವರ್ಸಿಟಿ ಫಿಸಿಕ್ಸ್, ಸಂಪುಟ 2, ಓಪನ್‌ಸ್ಟ್ಯಾಕ್ಸ್, ಸಿಸಿ ಬಿವೈ 4.0. ಕನ್ನಡಕ್ಕೆ ತಂದು, ಲೆಕ್ಕಗಳನ್ನು ಬದಲಾಯಿಸಿದೆ." ಜೊತೆಗೆ ಕೊಂಡಿ. ಚಿತ್ರಗಳಿಗೆ ಬೇರೆ ಲೈಸೆನ್ಸ್ ಇರಬಹುದು. ಚಿತ್ರದ ಕೆಳಗಿನ ಸಣ್ಣ ಅಕ್ಷರ ಬಿಡದೆ ಓದಿ.

ಎರಡು ಮೂರು ಕಡೆಯಿಂದ ತೆಗೆದು ಒಂದೇ ನೋಟ್ಸ್ ಮಾಡಬಹುದಾ?

ಲೈಸೆನ್ಸ್‌ಗಳು ಒಪ್ಪಿದರೆ ಮಾಡಬಹುದು. "ಬಿವೈ" "ಎನ್‌ಡಿ" ಬಿಟ್ಟು ಉಳಿದೆಲ್ಲದರ ಜೊತೆ ಹೊಂದಿಕೊಳ್ಳುತ್ತದೆ. ಆದರೆ ವಿಕಿಪೀಡಿಯದ "ಬಿವೈ-ಎಸ್‌ಎ" ಬರಹವನ್ನೂ ಎಂಐಟಿಯ "ಬಿವೈ-ಎನ್‌ಸಿ-ಎಸ್‌ಎ" ಬರಹವನ್ನೂ ಬೆರೆಸಿ ಒಂದೇ ಪಾಠ ಮಾಡಲು ಬರುವುದಿಲ್ಲ. ಎರಡೂ "ನನ್ನದೇ ಲೈಸೆನ್ಸ್ ಇರಬೇಕು" ಅನ್ನುತ್ತವೆ. ಬೆರೆಸದೆ ಬೇರೆ ಬೇರೆ ಪಾಠಗಳಾಗಿ ಒಂದೇ ಫೋಲ್ಡರ್‌ನಲ್ಲಿ ಇಡಲು ಅಡ್ಡಿಯಿಲ್ಲ.

ಜೆರಾಕ್ಸ್ ಅಂಗಡಿಯಲ್ಲಿ ಕಾಪಿ ಮಾಡಿಸಬಹುದಾ? ಅವರು ದುಡ್ಡು ತಗೊಳ್ತಾರಲ್ಲ?

"ಎನ್‌ಸಿ" ಇಲ್ಲದಿದ್ದರೆ ಯೋಚನೆಯೇ ಬೇಡ. "ಎನ್‌ಸಿ" ಇದ್ದಾಗ, ಶಾಲೆಗಳು ತಮ್ಮ ಪಾಠಕ್ಕಾಗಿ ಮಾಡಿಸಿಕೊಳ್ಳುವ ಪ್ರತಿಗೆ ಅಂಗಡಿಯವರು ಕಾಪಿಯ ದರ ಪಡೆದರೆ ಲೈಸೆನ್ಸ್ ಮುರಿದಂತೆ ಆಗುವುದಿಲ್ಲ ಎಂದು ಅಮೆರಿಕದ ಒಂದು ಮೇಲ್ಮನವಿ ಕೋರ್ಟ್ 2018ರಲ್ಲಿ ಹೇಳಿದೆ. ಆ ತೀರ್ಪು ನಮ್ಮ ಕೋರ್ಟುಗಳನ್ನು ಕಟ್ಟಿಹಾಕುವುದಿಲ್ಲ, ಆದರೆ ವಿಷಯ ತಿಳಿಯಾಗಲು ಉಪಯೋಗಕ್ಕೆ ಬರುತ್ತದೆ. ಅಂಗಡಿಯವರೇ ನೂರು ಪ್ರತಿ ಹೊಲಿಸಿ ಬೆಲೆ ಕಟ್ಟಿ ಮಾರಲು ಇಟ್ಟರೆ ಅದು ವ್ಯಾಪಾರ.

ನಾನು ಟ್ಯೂಷನ್ ನಡೆಸುತ್ತೇನೆ. ಬಳಸಬಹುದಾ?

"ಬಿವೈ" ಮತ್ತು "ಬಿವೈ-ಎಸ್‌ಎ" ಧಾರಾಳವಾಗಿ ಬಳಸಿ. "ಎನ್‌ಸಿ" ಇರುವುದನ್ನು ಮುಟ್ಟಬೇಡಿ, ಅಥವಾ ಹಕ್ಕುಳ್ಳವರಿಗೆ ಮೇಲ್ ಬರೆದು ಒಪ್ಪಿಗೆ ಕೇಳಿ.

ಕಂಪ್ಯೂಟರ್ ಅನುವಾದ ಹಾಕಿ ಒಂದೇ ದಿನದಲ್ಲಿ ಇಡೀ ಪುಸ್ತಕ ಕನ್ನಡ ಮಾಡಿದರೆ?

ಮೊದಲ ಕರಡಿಗೆ ಆಗಬಹುದು, ಹಾಗೇ ಹಂಚಬೇಡಿ. ಯಂತ್ರ ಮಾಡುವ ತಪ್ಪು ನೋಡಲು ತಪ್ಪಿನಂತೆ ಕಾಣುವುದಿಲ್ಲ, ವಾಕ್ಯ ನುಣುಪಾಗಿಯೇ ಇರುತ್ತದೆ. "ಕಡಿಮೆ" ಇರಬೇಕಾದ ಕಡೆ "ಹೆಚ್ಚು" ಬಂದಿರುತ್ತದೆ, ಷರತ್ತಿನ ಭಾಗ ಬಿಟ್ಟೇಹೋಗಿರುತ್ತದೆ. ಮೊದಲ ಸಲ ಕಲಿಯುವವರಿಗೆ ಅದು ಗೊತ್ತಾಗುವುದಿಲ್ಲ. ಆ ವಿಷಯ ಕಲಿಸುವವರೊಬ್ಬರು ಸಾಲು ಸಾಲಾಗಿ ಓದಲೇಬೇಕು. ಪಾರಿಭಾಷಿಕ ಪದಗಳ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿದೆ: ಲ್ಯಾಬಿನಲ್ಲಿ, ವರ್ಕ್‌ಶಾಪಿನಲ್ಲಿ ಜನ ಯಾವ ಪದ ಆಡುತ್ತಾರೋ ಅದನ್ನೇ ಕನ್ನಡ ಲಿಪಿಯಲ್ಲಿ ಇಡಿ. ವಿವರಣೆ ತಿಳಿಗನ್ನಡದಲ್ಲಿರಲಿ.

ಮುಕ್ತ ಪುಸ್ತಕದಲ್ಲಿ ತಪ್ಪು ಸಿಕ್ಕಿತು. ಏನು ಮಾಡಲಿ?

ತಿಳಿಸಿ. ಓಪನ್‌ಸ್ಟ್ಯಾಕ್ಸ್‌ನಲ್ಲಿ ತಪ್ಪು ವರದಿ ಮಾಡಲು ಜಾಗವಿದೆ. ವಿಕಿಪೀಡಿಯದಲ್ಲಾದರೆ ನೀವೇ ತಿದ್ದಬಹುದು. ಕನ್ನಡ ವಿಕಿಪೀಡಿಯ 2003ರಿಂದ ಇದೆ, ಆದರೆ ತಾಂತ್ರಿಕ ಲೇಖನಗಳು ಇನ್ನೂ ತೆಳುವಾಗಿವೆ. ಒಂದು ತರಗತಿ ಒಂದು ಸೆಮಿಸ್ಟರ್‌ನಲ್ಲಿ ನಾಲ್ಕು ಲೇಖನ ಗಟ್ಟಿ ಮಾಡಿದರೂ ಅದು ನಿಜವಾದ ಕೆಲಸ, ಅಸೈನ್‌ಮೆಂಟ್ ಎಂದು ಅಂಕವನ್ನೂ ಕೊಡಬಹುದು.

ನಾವು ಮಾಡಿದ್ದನ್ನು ಎಲ್ಲಿ ಇಡಬೇಕು? ಕಾಲೇಜಿನ ಒಪ್ಪಿಗೆ ಬೇಕಾ?

ಒಪ್ಪಿಗೆ ಮೊದಲು. ಕೆಲಸದ ಭಾಗವಾಗಿ ಬರೆದದ್ದರ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಕೆಲಸ ಕೊಟ್ಟವರದ್ದು ಎಂದು ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತದೆ. ಆದ್ದರಿಂದ ಮೇಷ್ಟ್ರುಗಳು ಪ್ರಿನ್ಸಿಪಾಲರಿಂದ ಒಂದು ಪತ್ರ ಪಡೆದುಕೊಳ್ಳಿ: "ಈ ನೋಟ್ಸ್ ಅನ್ನು ಸಿಸಿ ಬಿವೈ-ಎಸ್‌ಎ 4.0 ಅಡಿ ಹಂಚಲು ಅಡ್ಡಿಯಿಲ್ಲ." ಒಂದೇ ಸಾಲು ಸಾಕು. ವಿದ್ಯಾರ್ಥಿಗಳ ಡ್ರಾಯಿಂಗ್, ಕೋಡ್ ಸೇರಿಸುವುದಾದರೆ ಅವರನ್ನು ಕೇಳಿ, ಅವರ ಹೆಸರು ಹಾಕಿ.

ಇಡಲು ಜಾಗ ಬೇಕಾದಷ್ಟಿದೆ. ಪುಸ್ತಕ, ವಿಡಿಯೊಗೆ ಇಂಟರ್‌ನೆಟ್ ಆರ್ಕೈವ್. ಚಿತ್ರಗಳಿಗೆ ವಿಕಿಮೀಡಿಯ ಕಾಮನ್ಸ್, ಆದರೆ ಅಲ್ಲಿ "ಎನ್‌ಸಿ", "ಎನ್‌ಡಿ" ತೆಗೆದುಕೊಳ್ಳುವುದಿಲ್ಲ. ಡೇಟಾಗೆ ಸರ್ನ್ ನಡೆಸುವ ಜೆನೊಡೊ, ಕೋಡ್‌ಗೆ ಗಿಟ್‌ಹಬ್. ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ ಸುಮ್ಮನಾಗಬೇಡಿ, ಆರು ತಿಂಗಳಲ್ಲಿ ಅದು ಯಾರಿಗೂ ಸಿಗುವುದಿಲ್ಲ. ಪಿಡಿಎಫ್ ಜೊತೆಗೆ ತಿದ್ದಲು ಬರುವ ಮೂಲ ಫೈಲನ್ನೂ ಇಡಿ. ಅಕ್ಷರ ಯುನಿಕೋಡ್‌ನಲ್ಲಿರಲಿ. ನುಡಿ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ ಮಾಡಿದ ಫೈಲನ್ನು ಹುಡುಕಲೂ ಆಗುವುದಿಲ್ಲ, ಬೇರೆಯವರು ತಿದ್ದಲೂ ಆಗುವುದಿಲ್ಲ. ಮೊದಲ ಪುಟದಲ್ಲಿ ಲೈಸೆನ್ಸ್ ಸಾಲು, ಯಾವ ಸ್ಕೀಮ್, ಯಾವ ಸೆಮಿಸ್ಟರ್, ಯಾವ ವರ್ಷ ತಿದ್ದಿದ್ದು, ಇಷ್ಟು ಬರೆದು ಏರಿಸಿ.